ಎರವಲು ಹೋದ ಕೈ

ಮಗಳು ಇಂಚರಾಳ ಜಡೆ ಅರ್ಧ ಹೆಣೆದಿರುವಾಗಲೇ ಡಾಕ್ಟರ್ ಶಾಲ್ಮಲಾಳ ಬಲಗೈ ಕೂದಲು ಬಿಟ್ಟು ಗಾಳಿಯಲ್ಲಿ ತುತ್ತು ಕಟ್ಟತೊಡಗಿತು.

"ಆಸ್ಪತ್ರ್ಯಾಗ ಗುರುಸಿದ್ದಜ್ಜಾರು ನಾಷ್ಟಾಕ್ಕ ಕುಂತ್ರು ನೋಡು," ಎಂದಳು ಶಾಲ್ಮಲಾ.

"ಮತ್ತ ಉಪ್ಪಿಟ್ಟೇನು?" ಇಂಚರಾ ಕೇಳಿದಳು.

ಲಕ್ವಾ ಹೊಡೆದವರ ಕೈ ಚೇತರಿಸಿಕೊಳ್ಳುವ ತನಕ ವೈದ್ಯರು ತಮ್ಮ ಮಿದುಳಿನಿಂದ ಕೈಯ ರೂಢಿಯನ್ನು ಎರವಲು ಕೊಡುವುದು ಆಸ್ಪತ್ರೆಯಲ್ಲಿ ದಿನನಿತ್ಯದ ಕೆಲಸ. ರೋಗಿ ಉಣ್ಣುವಾಗ ಕೊಟ್ಟವರ ಕೈಯೂ ಎಲ್ಲಿದ್ದರೂ ಹಾಗೇ ಆಡುತ್ತಿತ್ತು. ವರ್ಷಗಟ್ಟಲೆ ಆಕೆ ಎಷ್ಟೋ ಮಂದಿಗೆ ಕೊಟ್ಟಿದ್ದಳು. ಮರಳಿ ಬರುವಾಗ ಪ್ರತಿ ಸಲವೂ ಆ ರೂಢಿ ಸ್ವಲ್ಪ ಅವರಲ್ಲೇ ಉಳಿದುಬಿಡುತ್ತಿತ್ತು. ಅದನ್ನು ಆಕೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ಅಜ್ಜಾರು ಒಂದು ಚೂರೂ ಚೆಲ್ಲಲಿಲ್ಲ ಇವತ್ತು!" ಶಾಲ್ಮಲಾ ಹಿಗ್ಗಿದಳು.

ಕೈ ಮರಳಿತು. ಜಡೆಯ ಮೂರು ಎಳೆಗಳ ನಡುವೆ ಬೆರಳುಗಳು ದಾರಿ ತಪ್ಪಿದವು. ಮತ್ತೆ ಮೊದಲಿಂದ ಶುರುಮಾಡಿದಳು, ಮತ್ತೆ ತಪ್ಪಿದವು.

ಇಂಚರಾ ತಿರುಗಿ ಆ ಕೈ ಹಿಡಿದುಕೊಂಡಳು.

"ಅಮ್ಮಾ, ಎಲ್ಲಾರಿಗೂ ಕೊಟ್ಟು ಮುಗಿದ ಮ್ಯಾಲೆ, ನಿನ್ನ ಕೈಗೆ ನನ್ನ ಗುರ್ತ ಇರ್ತದೇನು?"