ಬೈದ ದನಿ

ಧಾರವಾಡದ ಗ್ರಂಥಾಲಯದ ಪುಸ್ತಕವನ್ನು ಎಲ್ಲಿ ತೆರೆದರೂ ಹಿಂದೆ ಓದಿದವರ ದನಿಗಳು ಕೇಳಿಸುವುದು ಯಾರಿಗೂ ಹೊಸದಲ್ಲ. ‘ಸ್ಫೋಟದ ಶತಮಾನ’ವನ್ನು ತೆರೆದರೆ ಮಾತ್ರ ಜಗಳವೇ ಕೇಳುತ್ತಿತ್ತು. ಭಯೋತ್ಪಾದನೆ ಆಧುನಿಕತೆಯ ಮನೆಯಲ್ಲೇ ಬೆಳೆದದ್ದು ಎಂದು ವಾದಿಸುವ ತತ್ತ್ವಗ್ರಂಥ ಅದು. “ಎಂಥಾ ಧೈರ್ಯದ ಬರವಣಿಗಿರೀ!” ಎಂದು ಹಲವರು ಕೊಂಡಾಡಿದ್ದರು. “ಕೊಂದವರ ಪರ ವಕಾಲತ್ತು ಇದು,” ಎಂದು ಒಂದು ಹೆಣ್ಣುದನಿ ಬೈದಿತ್ತು. ಆ ದನಿ ಗ್ರಂಥಪಾಲಕಿ ಸುನಂದಾಳದೇ.

ಒಂದು ದಿನ ಆ ಪುಸ್ತಕವನ್ನು ಕೇಳಿಕೊಂಡು ಶಮೀಮಬಾನು ಟೀಚರ್ ಬಂದರು. ಬಸ್ ನಿಲ್ದಾಣದಲ್ಲಿ ಬಾಂಬು ಸಿಡಿದು ಗಂಡನನ್ನು ಕಳೆದುಕೊಂಡವರು. ಸುನಂದಾಳಿಗೆ ಕೊಡಲು ಕೈ ಬರಲಿಲ್ಲ.

“ಇದು ಬ್ಯಾಡ್ರಿ ಅಕ್ಕಾರ, ನಿಮಗ ತ್ರಾಸ ಆಗ್ತೈತಿ.”

“ಆಗ್ಲಿ, ಕೊಡ್ರಿ,” ಎಂದು ಅವರು ಒಯ್ದರು.

ಹದಿನೈದು ದಿನಗಳ ಮೇಲೆ ಪುಸ್ತಕ ಹಿಂದಿರುಗಿಸುತ್ತ ಶಮೀಮಬಾನು ನಕ್ಕರು. “ಬೈದಾಕಿ ನೀವ ಅಲ್ಲೇನ್ರಿ?”

ಸುನಂದಾ ತಲೆ ತಗ್ಗಿಸಿದಳು. “ಮೂರನೇ ಅಧ್ಯಾಯಕ್ಕ ಸಿಟ್ಟು ಬಂದು ಮುಚ್ಚಿಬಿಟ್ಟೆರಿ.”

“ನಾನೂ ಅಲ್ಲೇ ಮುಚ್ಚಿದ್ದೆ, ಮರುದಿನ ಮತ್ತ ತಗದು ಓದಿದೆ. ಸತ್ತವರ ಬಗ್ಗೆ ಇದರಾಗ ಭಾಳ ಕಡಿಮಿ ಐತಿ, ಅದು ತಪ್ಪು. ಆದ್ರ ಇಷ್ಟು ವರ್ಷ ಎಲ್ಲಾರೂ ನನಗ ಸಮಾಧಾನ ಹೇಳಿದ್ರು. ಹಿಂಗ್ಯಾಕಾತು ಅಂತ ನನ್ನ ಜೋಡಿ ಕುಂತು ವಿಚಾರ ಮಾಡಿದ್ದು ಈ ಪುಸ್ತಕ ಒಂದ. ಓದಿ ಮುಗಿಸ್ರಿ, ಆಮ್ಯಾಲೆ ಬೈರಿ.”

ಅವರು ಹೋದ ಮೇಲೆ ಸುನಂದಾ ಪುಸ್ತಕವನ್ನು ಕಪಾಟಿನಲ್ಲಿ ಇಡದೆ ತನ್ನ ಚೀಲಕ್ಕೆ ಹಾಕಿಕೊಂಡಳು. ಸಂಜೆ ಮನೆಯಲ್ಲಿ ನಾಲ್ಕನೆಯ ಅಧ್ಯಾಯವನ್ನು ತೆರೆದಾಗ ಶಮೀಮಬಾನು ಅವರ ದನಿ ಮೆಲ್ಲಗೆ ಕೇಳಿಸಿತು: “ಇಲ್ಲಿಂದ ನಿಧಾನ ಓದ್ರಿ.”