ಗಾಳಿಕಿಂಡಿ

ಹೇಮಲತಾಗೆ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನಕ್ಕೆ ಅತ್ತೆ ಲಕ್ಷ್ಮವ್ವ ಬಾಗಲಕೋಟೆಯಿಂದ ನಾಗಪುರಕ್ಕೆ ಬಂದಳು. ಬಂದ ದಿನವೇ ಬಾಲ್ಕನಿಗೆ ಹೋಗಿ, ಬಚ್ಚಲಿನ ಗಾಳಿಕಿಂಡಿಗೆ ಬಟ್ಟೆ ತುರುಕಿದಳು.

ತುರುಕಿದ್ದು ಹಳೆಯ ಇಳಕಲ್ ಸೀರೆಯ ತುಂಡು. ಸಂಜೆ ಡ್ಯೂಟಿ ಮುಗಿಸಿ ಬಂದ ಮಗ ನಂದೀಶ ಅದನ್ನು ಕಿತ್ತೆಸೆದ.

“ಅವ್ವಾ, ಒಳಗ ಗ್ಯಾಸ್ ಗೀಸರ್ ಐತಿ. ಈ ಕಿಂಡಿ ಮುಚ್ಚಿದ್ರ ಹೆಣಾ ಬೀಳ್ತಾವು.”

“ನಿನ್ನ ಹಡದಾಗ ನಲವತ್ತು ದಿನ ನಾ ಕಿಟಕಿ ತಗದಿಲ್ಲ. ಸತ್ತೇನೇನು? ಹಸಿ ಮೈಗೆ ಗಾಳಿ ಬಡದ್ರ ಸಾಯೂತನಾ ಸೊಂಟ ಹಿಡಕೊಂಡ ಕುಂದರತಾಳ ನಿನ್ನ ಹೇಂತಿ.”

ಗೀಸರ್ ಕೂರಿಸಿದ್ದೇ ತಪ್ಪಾಗಿದೆ ಎಂದು ನಂದೀಶನಿಗೆ ಗೊತ್ತಿತ್ತು. ಅವನು ರೈಲ್ವೆ ಷೆಡ್ಡಿನಲ್ಲಿ ಟೆಕ್ನಿಷಿಯನ್. ಉರಿದ ಗ್ಯಾಸಿನ ಹೊಗೆ ಹೊರಗೆ ಹೋಗಲು ಗೀಸರಿನ ತಲೆಗೆ ಪೈಪು ಬೇಕು. ಪೈಪಿಗೆ ಗೋಡೆಯಲ್ಲಿ ತೂತು ಬೇಕು. ಪ್ರತಾಪ ನಗರದ ಆ ಬಾಡಿಗೆ ಮನೆಯ ಮಾಲೀಕ ಗೋಡೆ ಕೊರೆಯಲು ಬಿಡಲಿಲ್ಲ. ಹೊಸ ಟೈಲ್ಸ್ ಸೀಳುತ್ತವಂತೆ. ಗೀಸರ್ ಕೂರಿಸಲು ಬಂದವನು ಪೈಪನ್ನು ಡಬ್ಬಿಯಲ್ಲೇ ಬಿಟ್ಟು ಹೋದ. ಡಬ್ಬಿ ಅಟ್ಟ ಸೇರಿತು. ಬರುವ ಭಾನುವಾರ ಏನಾದರೂ ಮಾಡೋಣ ಎಂದು ನಂದೀಶ ಮೂರು ಭಾನುವಾರಗಳಿಂದ ಹೇಳುತ್ತಿದ್ದ.

ಅಲ್ಲಿಯವರೆಗೆ ಅವನದೊಂದು ಕಾಯ್ದೆ. ಕಿಂಡಿ ತೆರೆದಿರಬೇಕು. ಮೊದಲು ಬಕೆಟ್ ತುಂಬಿಸಬೇಕು, ಗೀಸರ್ ಆರಿಸಬೇಕು, ಆಮೇಲೆ ಚಿಲಕ ಹಾಕಿ ಸ್ನಾನ. ಆ ಕೆಟ್ಟ ಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತುತ್ತಿದೆ ಎಂದು ತಿಳಿಯುವ ಹೊತ್ತಿಗೆ ಕೈ ಚಿಲಕದವರೆಗೂ ಹೋಗುವುದಿಲ್ಲ.

ಲಕ್ಷ್ಮವ್ವ ಕೇಳಲಿಲ್ಲ. ಮಗ ಹೋದ ಮೇಲೆ ತುರುಕುವಳು. ಅವನು ಬಂದು ಕೀಳುವನು. ಹೊರಗೆ ಡಿಸೆಂಬರಿನ ಚಳಿ. ಸೊಸೆಯನ್ನು ಮಣೆಯ ಮೇಲೆ ಕೂರಿಸಿ, ಎಣ್ಣೆ ತಿಕ್ಕಿ, ಸುಡುಸುಡು ನೀರು ಹೊಯ್ಯುವಳು. ಕೋಣೆಯಲ್ಲಿ ಕೂಸು ಅತ್ತಾಗಲೆಲ್ಲ ಬಾಗಿಲು ಹಾರುಹೊಡೆದು ಓಡುವಳು. ಸ್ನಾನ ಮುಗಿದ ಮೇಲೆ ಸೊಸೆಯ ಎರಡೂ ಕಿವಿ ಮುಚ್ಚುವಂತೆ ತಲೆಗೆ ಹಸಿರು ಉಣ್ಣೆಯ ಶಾಲು ಬಿಗಿಯುವಳು. ಶಾಲು ಹೇಮಲತಾಳ ತಾಯಿಯದು. ತಾಯಿಯದೆಂದು ಉಳಿದಿದ್ದು ಅದೊಂದೇ.

“ನಿಮ್ಮತ್ತಿ ನಿನ್ನ ಕೊಲ್ಲತಾಳ ನೋಡು,” ಎಂದಳು ಎದುರುಮನೆಯ ಕುಮುದಾ. ಅವಳ ಗಂಡ ವಾಯುಪಡೆಯಲ್ಲಿದ್ದ; ಇಬ್ಬರೂ ಧಾರವಾಡದವರು.

“ಕೊಂದ್ರೂ ಬೆಚ್ಚಗ ಕೊಲ್ಲತಾಳ ಬಿಡ್ರಿ ಅಕ್ಕಾ,” ಎಂದು ಹೇಮಲತಾ ನಕ್ಕಳು.

ಹನ್ನೆರಡನೆಯ ದಿನ ನಂದೀಶ ಕೂಗಾಡಿದ. ಇನ್ನೊಮ್ಮೆ ಕಿಂಡಿಯಲ್ಲಿ ಬಟ್ಟೆ ಕಂಡರೆ ಊರಿನ ರೈಲು ಹತ್ತಿಸುತ್ತೇನೆ ಎಂದ. ಲಕ್ಷ್ಮವ್ವ ಇಳಕಲ್ ತುಂಡನ್ನು ತಾನೇ ಕಿತ್ತು ತಂದು, ಒಗೆದು, ಕೂಸಿನ ಕೆಳಗೆ ಹಾಸಿದಳು.

“ತಗೊಳ್ರಿ, ನಿಮ್ಮ ಕಾಯ್ದೇನ ಬರೋಬರ್. ಥಂಡಿ ಆದ್ರ ಮತ್ತ ನನ್ನ ಕೇಳಬ್ಯಾಡ್ರಿ.”

ಥಂಡಿ ಆದದ್ದು ಅವಳಿಗೇ. ಎರಡು ದಿನಕ್ಕೆ ಕೆಮ್ಮು ಹಿಡಿಯಿತು. ಆದರೂ ಕಿಂಡಿಯ ತಂಟೆಗೆ ಹೋಗಲಿಲ್ಲ. ಅಥವಾ ಹೋಗಲಿಲ್ಲವೆಂದು ನಂದೀಶ ನಂಬಿದ.

ಹದಿನಾರನೆಯ ದಿನ ಬಚ್ಚಲಿನ ಬಾಗಿಲು ಒಡೆಯಬೇಕಾಯಿತು.

ಕುಮುದಾಳ ಗಂಡ ಮೂರು ಸಲ ಒದ್ದ. ಚಿಲಕ ಹಾರಿತು. ಒಳಗೆ ಗೀಸರ್ ಉರಿಯುತ್ತಲೇ ಇತ್ತು, ಬಕೆಟ್ಟಿನಿಂದ ನೀರು ಚೆಲ್ಲುತ್ತಲೇ ಇತ್ತು. ಮಣೆಯ ಪಕ್ಕ ಬಿದ್ದಿದ್ದವಳು ಬಾಣಂತಿಯಲ್ಲ, ಲಕ್ಷ್ಮವ್ವ. ಕೈ ಬಾಗಿಲ ಕಡೆಗೆ ಚಾಚಿತ್ತು. ಕಿಂಡಿ ಬಿಗಿಯಾಗಿ ಮುಚ್ಚಿತ್ತು.

ಪೊಲೀಸ್ ಹವಾಲ್ದಾರ ಬಂದು ಕಿಂಡಿಯಿಂದ ಬಟ್ಟೆಯ ಮುದ್ದೆಯನ್ನು ಎಳೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ. ಇದನ್ನು ತುರುಕಿದ್ದು ಯಾರು ಎಂದು ಮರಾಠಿಯಲ್ಲಿ ಕೇಳಿದ. ಷೆಡ್ಡಿನಿಂದ ಓಡಿ ಬಂದಿದ್ದ ನಂದೀಶ ಚೀಲದ ಕಡೆ ನೋಡಲೂ ಇಲ್ಲ. ಅವ್ವನೇ, ದಿನಾ ಇದೇ ಜಗಳ, ನೂರು ಸಲ ಹೇಳಿದ್ದೆ ಎಂದ. ಕುಮುದಾ ಹೌದೆಂದಳು. ಹವಾಲ್ದಾರ ಬರೆದುಕೊಂಡ. ಅಟ್ಟದ ಮೇಲಿನ ಪೈಪಿನ ಮಾತನ್ನು ನಂದೀಶ ಎತ್ತಲಿಲ್ಲ. ಮಾಲೀಕ ಬಂದು ಮೊದಲು ಬಾಗಿಲನ್ನು ನೋಡಿದ, ಆಮೇಲೆ ಹೆಣವನ್ನು.

“ತನ್ನ ಹಟಾನ ತನ್ನ ತಿಂತು,” ಎಂದು ಕುಮುದಾ ಗಂಡನ ಕಿವಿಯಲ್ಲಿ ಅಂದಳು.

ಹೇಮಲತಾ ಗೋಡೆಗೊರಗಿ ಕೂತಿದ್ದಳು. ಅಳಲಿಲ್ಲ. ಮಡಿಲಲ್ಲಿ ಇಳಕಲ್ ತುಂಡು ಸುತ್ತಿಕೊಂಡು ಕೂಸು ಮಲಗಿತ್ತು. ಹೆಣ ಒಯ್ಯಲು ಮುಂಬಾಗಿಲನ್ನು ಪೂರ್ತಿ ತೆರೆದಿದ್ದರು. ಚಳಿಗಾಳಿ ನೇರ ಒಳಗೆ ಬರುತ್ತಿತ್ತು.

“ಏ ಹೇಮಾ, ಬಾಣಂತಿ ನೀ. ಕಿವಿ ಯಾಕ ಬಿಟ್ಟೀದಿ?” ಎಂದು ಕುಮುದಾ ಗದರಿದಳು. “ಏನರ ಕಟ್ಟಿಕೊ. ಗಾಳಿ ಬಡೀತೈತಿ.”

ಹೇಮಲತಾ ಪ್ಲಾಸ್ಟಿಕ್ ಚೀಲವನ್ನೇ ನೋಡುತ್ತಿದ್ದಳು. ಬೆಳಿಗ್ಗೆ ಅತ್ತೆ ನಡುಗುತ್ತ ಸ್ನಾನಕ್ಕೆ ಹೋಗಿದ್ದಳು, ಕಿಂಡಿಯನ್ನು ತೆರೆದೇ ಇಟ್ಟು. ಇವತ್ತೊಂದು ದಿನ ಬ್ಯಾಡ್ರಿ ಅತ್ತಿ ಎಂದರೆ, ಮೈಲಿಗಿ ಕೈಲೆ ಕೂಸಿನ ಮುಟ್ಟಲೇನು ಎಂದಿದ್ದಳು. ಚಿಲಕ ಬಿದ್ದ ಸದ್ದು ಕೇಳಿದ ಮೇಲೆ, ಗೀಸರ್ ಆರಿಸಿರುತ್ತಾಳೆ, ಹತ್ತು ನಿಮಿಷದ ಮಾತು ಎಂದುಕೊಂಡು ಹೇಮಲತಾ ಬಾಲ್ಕನಿಗೆ ಹೋಗಿ ತಲೆಯ ಶಾಲು ಬಿಚ್ಚಿದಳು. ಕಿಂಡಿಗೆ ಅದು ಸರಿಯಾಗಿ ಹಿಡಿಸಿತು. ಅಷ್ಟರಲ್ಲಿ ಕೂಸು ಹಾಲಿಗೆ ಅತ್ತಿತು. ಹತ್ತು ನಿಮಿಷ ಮುಕ್ಕಾಲು ಗಂಟೆಯಾಯಿತು.

ಒಟ್ಟು ಹೋದದ್ದು: ತಾಯಂದಿರು ಇಬ್ಬರು, ಶಾಲು ಒಂದು.