ಡಾಡ್ಜ್ ಕಾರಿನ ಡೀಸೆಲ್ ಇಂಜಿನ್

ಡ್ರೈವರ್ ದಸ್ತಗೀರ್ ರಂಜಾನ್ ಹಬ್ಬಕ್ಕೆಂದು ಮಗಳ ಊರಿಗೆ ಹೋಗಿದ್ದಾಗ, ಕಾರಿನ ಒಡತಿ ಸರಸಮ್ಮನವರು ಅವನ ಪ್ರಾಣದಂತಿದ್ದ ಹಳೆಯ ಅಮೆರಿಕನ್ ಡಾಡ್ಜ್ ಕಾರಿನ ಇಂಜಿನ್ ತೆಗೆಸಿ, ಯಾವುದೋ ವ್ಯಾನಿನ ಡೀಸೆಲ್ ಇಂಜಿನ್ ಕೂರಿಸಿಬಿಟ್ಟರು. ಬಿಡಿಭಾಗ ಸಿಗುವುದಿಲ್ಲವೆಂದು ಗ್ಯಾರೇಜಿನವನು ಹೇಳಿದ್ದೇನೋ ನಿಜ. ಆದರೆ ಇಷ್ಟು ವರ್ಷ ಅದನ್ನು ಸಾಕಿದವನನ್ನು ಒಂದು ಮಾತೂ ಕೇಳದೆ ಮಾಡಿದ್ದು ಅವರಿಗೆ ಗಂಟಲಲ್ಲಿ ಮುಳ್ಳು ಸಿಕ್ಕ ಹಾಗಾಗಿತ್ತು.

ಬಂದವನೇ ದಸ್ತಗೀರ್ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದ. ಸದ್ದೇ ಇಲ್ಲದೆ ಓಡುತ್ತಿದ್ದ ಗಾಡಿ ಹಿಟ್ಟಿನ ಗಿರಣಿಯ ಹಾಗೆ ಅಬ್ಬರಿಸಿತು. ಎದುರುಮನೆಯ ನಾಯಿ ಕಾಂಪೌಂಡು ಹಾರಿತು. ಅವನು ಸ್ಟೀರಿಂಗನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದು, ಇಂಜಿನ್ ಆಫ್ ಮಾಡಿದ.

ಸರಸಮ್ಮನವರು ಕಾರಿನ ಹಿಂದಿನ ಬಾಗಿಲ ಬಳಿ ನಿಂತಿದ್ದರು.

"ತಪ್ಪಾಯ್ತು ಕಣಪ್ಪ. ನಿನ್ನ ಕೇಳ್ದೆ ಮಾಡಿಸ್ಬಿಟ್ಟೆ."

ಅವನು ತಿರುಗಲಿಲ್ಲ.

"ಬೇಕಾದ್ರೆ ಬೈದ್ಬಿಡು ದಸ್ತಗೀರ್. ಹೀಗೆ ಮಾತು ಬಿಟ್ಟು ಕೂರ್ಬೇಡ."

ತಡೆಯಲಾರದೆ ಅವರು ಮುಂದೆ ಬಂದು ಅವನ ಭುಜ ಮುಟ್ಟಿದರು. ಅವನು ಬೆಚ್ಚಿ ತಿರುಗಿದ. ಕಣ್ಣು ತುಂಬಿತ್ತು.

"ಸ್ಟೀರಿಂಗ್ ಹಿಡಿದ್ರೆ ಸಾಕು ಅಮ್ಮಾವ್ರೇ, ಇಂಜಿನ್ ಓಡ್ತಿರೋದು ಈಗ ಕೈಗೇ ಗೊತ್ತಾಗುತ್ತೆ. ನಂಗೋಸ್ಕರ ಇಷ್ಟೆಲ್ಲ ಮಾಡಿಸಿದ್ರಾ? ಎರಡೂ ಕಿವಿ ಹೋಗಿದೆ ಅಂತ ನಾನು ಯಾರಿಗೂ ಹೇಳೇ ಇರ್ಲಿಲ್ವಲ್ಲ."